ಯಾವಾಗಿನಿಂದ?

ನನಗೆ ಹನ್ನೊಂದನೇ ವಯಸ್ಸಿನವರೆಗೂ ರಾತ್ರಿ ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳುವ ಅಭ್ಯಾಸವಿತ್ತು. ಅಭ್ಯಾಸ ಅಂತ ಬರೆದದ್ದೇ ತಪ್ಪು. ಆದರೆ ಮನೆಯಲ್ಲಿ, ಶಾಲೆಯಲ್ಲಿ, ಆಮೇಲೆ ಹಾಸ್ಟೆಲ್ಲಿನಲ್ಲಿ ಎಲ್ಲರೂ ಅದನ್ನು ಹಾಗೇ ಕರೆಯುತ್ತಿದ್ದರು, ಉಗುರು ಕಚ್ಚುವುದು, ಸುಳ್ಳು ಹೇಳುವುದು ಇದ್ದ ಹಾಗೆ. ಅಭ್ಯಾಸ ಅಂದಮೇಲೆ ಬಿಡಿಸಬೇಕು. ಬಿಡಿಸುವುದು ಹೇಗೆ ಅನ್ನುವುದರಲ್ಲಿ ನಮ್ಮ ಕಡೆ ಯಾರಿಗೂ ಅನುಮಾನ ಇರಲಿಲ್ಲ. ಅಜ್ಜಿ ಒಲೆಯಲ್ಲಿ ಸೌಟು ಕಾಯಿಸಿ ಹಿಡಿದು ಹೆದರಿಸಿದ್ದಳು. ಇಟ್ಟಿರಲಿಲ್ಲ. ಓಣಿಯ ಇನ್ನೊಬ್ಬ ಹುಡುಗನಿಗೆ ಇಟ್ಟಿದ್ದರು, ಅವನ ತೊಡೆಯ ಮೇಲೆ ಆ ಬರೆಯ ಗುರುತು ಈಗಲೂ ಇದೆ. ಹಾಸ್ಟೆಲ್ಲಿನಲ್ಲಿ ಒದ್ದೆ ಕೌದಿಯನ್ನು ತಲೆಯ ಮೇಲೆ ಹೊತ್ತು ಧ್ವಜದ ಕಟ್ಟೆ ಸುತ್ತಬೇಕಿತ್ತು. ಹುಡುಗರು ನನಗೆ ‘ವರದಾ’ ಅಂತ ಹೆಸರಿಟ್ಟಿದ್ದರು. ಹಾವೇರಿ ಕಡೆಯವರಿಗೆ ಹೇಳಬೇಕಿಲ್ಲ, ವರದಾ ನಮ್ಮ ಹೊಳೆ. ಬೆಳಿಗ್ಗೆ ಎದ್ದ ಕೂಡಲೇ ಯಾರಾದರೂ ಒಬ್ಬ ‘ವರದಾಕ್ಕ ನೆರಿ ಬಂತಲೇ’ ಅಂತ ಕೂಗುತ್ತಿದ್ದ.

ಒಂದು ದಿನ ನಿಂತಿತು. ಯಾಕೆ ನಿಂತಿತೋ ಗೊತ್ತಾಗಲಿಲ್ಲ. ಅಜ್ಜಿ ದೇವರಿಗೆ ಐದು ಕಾಯಿ ಒಡೆಸಿದಳು.

ಇದನ್ನು ಇಷ್ಟು ವರ್ಷ ಎಲ್ಲೂ ಬರೆದಿರಲಿಲ್ಲ. ಇಲ್ಲಿ ನಾನು ಬರೆದದ್ದೆಲ್ಲ ಬ್ಯಾಡಗಿ ಮೆಣಸಿನಕಾಯಿ ದರ, ಬೆಳೆ ವಿಮೆ, ಮರಳು ಲಾರಿ. ಈಗ ಬರೆಯಲು ಕಾರಣ ನನ್ನ ಅಕ್ಕನ ಮಗಳು. ಅವಳಿಗೆ ಈಗ 14 ವರ್ಷ. ಬರೀಲೇನು ಅಂತ ಕೇಳಿದೆ. ‘ಬರಿ ಮಾಮಾ, ಹೆಸರು ಹಾಕಬ್ಯಾಡ. ನೀ ಮಾಡಿದ್ದನ್ನೂ ಬರಿ’ ಅಂದಳು. ನಾನು ಮಾಡಿದ್ದನ್ನೇ ಮೊದಲು ಬರೆಯುತ್ತೇನೆ.

ಆರು ವರ್ಷದ ಹಿಂದೆ, ಅವಳಿಗೆ ಎಂಟು ತುಂಬಿದ ಮೇಲೆ, ಅಕ್ಕ ಫೋನು ಮಾಡಿದಳು. ‘ಹುಡುಗಿ ರಾತ್ರಿ ಹಾಸಿಗಿ ತೋಯಿಸಾಕತ್ತಾಳ’ ಅಂದಳು. ನಾನು ಎಪಿಎಂಸಿ ಗೇಟಿನಲ್ಲಿ ನಿಂತು ಅವತ್ತಿನ ಆವಕದ ಲೆಕ್ಕ ಬರೆದುಕೊಳ್ಳುತ್ತಿದ್ದೆ. ನಗುತ್ತ ಹೇಳಿದೆ: ‘ಅದು ನಮ್ಮ ಮನಿತನದ್ದು ಬಿಡು. ನನಗ ಹನ್ನೊಂದು ವರ್ಷದ ತನಕ ಇತ್ತಲ್ಲ. ತಾನ ಹೋಗತೈತಿ. ಸಂಜಿ ಮ್ಯಾಲೆ ನೀರು ಕೊಡಬ್ಯಾಡ.’

ಪತ್ರಿಕೋದ್ಯಮದ ಡಿಪ್ಲೊಮಾದಲ್ಲಿ ನಮಗೆ ಮೊದಲ ವಾರ ಕಲಿಸಿದ್ದು ಆರು ಪ್ರಶ್ನೆ. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ. ಟ್ರ್ಯಾಕ್ಟರ್ ಪಲ್ಟಿಯಾದರೂ ಈ ಆರು ಕೇಳದೆ ನಾನು ಡೆಸ್ಕಿಗೆ ಸುದ್ದಿ ಕಳಿಸುವುದಿಲ್ಲ. ಅವತ್ತು ಒಂದನ್ನೂ ಕೇಳಲಿಲ್ಲ. ಅಕ್ಕ ‘ತೋಯಿಸಾಕತ್ತಾಳ’ ಅಂದಿದ್ದಳು, ‘ತೋಯಿಸ್ತಾಳ’ ಅಂದಿರಲಿಲ್ಲ. ಮಾತಿನಲ್ಲೇ ಉತ್ತರ ಇತ್ತು. ಹುಡುಗಿ ನಾಲ್ಕನೇ ವಯಸ್ಸಿನಿಂದ ಒಂದು ರಾತ್ರಿಯೂ ಹಾಸಿಗೆ ಒದ್ದೆ ಮಾಡಿದವಳಲ್ಲ. ಮೂರು ವಾರದಿಂದ ಶುರುವಾಗಿತ್ತು.

ಅಕ್ಕ ನನ್ನ ಮಾತು ಕೇಳಿದಳು. ಪತ್ರಿಕೆಯವನು, ನಾಲ್ಕು ಜನರ ಜೊತೆ ಓಡಾಡುವವನು, ಗೊತ್ತಿರುತ್ತದೆ ಅಂತ. ಸಂಜೆ ಆರರ ಮೇಲೆ ನೀರು ಬಂದ್ ಮಾಡಿದಳು. ಹುಡುಗಿ ರಾತ್ರಿ ಎದ್ದು ಬಚ್ಚಲ ಹಂಡೆಯಲ್ಲಿನ ನೀರನ್ನು ಚೊಂಬಿನಲ್ಲಿ ಎತ್ತಿ ಕುಡಿದಳು. ಅದಕ್ಕೆ ಬೈಸಿಕೊಂಡಳು. ಸೊರಗಿದ್ದಳು, ‘ಉದ್ದ ಆಗಾಕತ್ತಾಳ’ ಅಂದರು. ಶಾಲೆಯಿಂದ ಬಂದವಳು ಹೊರಸಿನ ಮೇಲೆ ಬಿದ್ದುಬಿಡುತ್ತಿದ್ದಳು, ‘ಮೈಗಳ್ಳಿ’ ಅಂದರು. ಪಕ್ಕದೂರಿನಿಂದ ತಾಯತವೂ ಬಂತು. ಹತ್ತನೇ ದಿನ ಹೊಟ್ಟೆನೋವು, ವಾಂತಿ ಶುರುವಾಗಿ ತಾಲೂಕು ಆಸ್ಪತ್ರೆಗೆ ಕರೆತಂದರು. ನಾನೂ ಬೈಕ್ ತಗೊಂಡು ಹೋದೆ. ಏನೋ ತಿಂದಿರಬೇಕು ಅಂತ ನಾವೆಲ್ಲ ಅಂದುಕೊಂಡಿದ್ದೆವು.

ಅವತ್ತು ಅಲ್ಲಿದ್ದವರು ಮಕ್ಕಳ ವೈದ್ಯೆ. ಹುಡುಗಿ ಜೋರಾಗಿ, ಆಳವಾಗಿ ಉಸಿರಾಡುವುದನ್ನು ನಿಂತು ನೋಡಿದರು. ಬಾಯಿಯ ಹತ್ತಿರ ಬಗ್ಗಿ ಮೂಸಿದರು. ಆಮೇಲೆ ಅಕ್ಕನ ಕಡೆ ತಿರುಗಿ ಕೇಳಿದರು, ‘ನೀರು ಜಾಸ್ತಿ ಕುಡೀತಾಳೇನು? ಹಾಸಿಗಿ ತೋಯಿಸ್ತಾಳೇನು? ಯಾವಾಗಿನಿಂದ? ಮದ್ಲ ಒಣಾ ಇರ್ತಿದ್ದಳೇನು?’

ಬೆರಳಿಗೆ ಸೂಜಿ ಚುಚ್ಚಿ ಗ್ಲುಕೋಮೀಟರ್ ಹಿಡಿದರು. ಮೀಟರು ಅಂಕಿಯನ್ನೇ ತೋರಿಸಲಿಲ್ಲ, ಅಳೆಯಲಾರದಷ್ಟು ಹೆಚ್ಚು ಅಂದಿತು. ಮೂತ್ರದ ಪಟ್ಟಿಯಲ್ಲಿ ಸಕ್ಕರೆಯೂ ಇತ್ತು, ಕೀಟೋನ್ ಕೂಡ ಇತ್ತು. ಟೈಪ್ 1 ಡಯಾಬಿಟೀಸ್. ದೇಹದಲ್ಲಿ ಇನ್ಸುಲಿನ್ ಇಲ್ಲ, ರಕ್ತದಲ್ಲಿ ತುಂಬಿದ ಸಕ್ಕರೆ ಮೂತ್ರದಲ್ಲಿ ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ರಾತ್ರಿ ಉಚ್ಚೆ, ಅದಕ್ಕೇ ಬಾಯಾರಿಕೆ. ಮೈಯಿಂದ ನೀರು ಸೋರಿಹೋಗುತ್ತಿದ್ದ ಮಗುವಿಗೆ ನೀರು ಕೊಡಬೇಡ ಅಂತ ಹೇಳಿದವನು ನಾನು.

108ರಲ್ಲಿ ಹುಬ್ಬಳ್ಳಿಗೆ ಕರೆದೊಯ್ದೆವು. ಮೂರು ದಿನ ಐಸಿಯು. ಬದುಕಿದಳು. ಈಗ ದಿನಕ್ಕೆ ನಾಲ್ಕು ಸಲ ತಾನೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ, ಗಣಿತದಲ್ಲಿ ಶಾಲೆಗೆ ಮುಂದು. ಆ ವೈದ್ಯೆ ಅವತ್ತು ಆಂಬುಲೆನ್ಸ್ ಹತ್ತಿಸುವಾಗ ಯಾರಿಗೂ ಬೈಯಲಿಲ್ಲ. ‘ಮದ್ಲ ಒಣಾ ಇದ್ದ ಮಗು ಮತ್ತ ತೋಯಿಸಾಕತ್ತಿದ್ರ ಅವತ್ತ ಒಂದು ಹನಿ ರಕ್ತ, ಒಂದು ಪಟ್ಟಿ ಮೂತ್ರ ನೋಡಬೇಕ್ರಿ. ನಾಳಿಗೆ ಅನಬಾರದು’ ಅಂದರು ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಹಾಗಾಗಿ ಕಳೆದ ವರ್ಷ ನನ್ನ ಸ್ವಂತ ಮಗನ ವಿಷಯ ಬಂದಾಗ ನಾನು ಬಾಯಿ ತೆರೆಯಲಿಲ್ಲ. ಅವನಿಗೆ ಏಳು ವರ್ಷ. ಹುಟ್ಟಿದಾಗಿನಿಂದ ಒಂದು ವಾರ ಪೂರ್ತಿ ಒಣಗಿದ ಹಾಸಿಗೆಯಲ್ಲಿ ಎದ್ದದ್ದಿಲ್ಲ. ಅವನನ್ನು ಅದೇ ವೈದ್ಯೆಯ ಬಳಿ ಕರೆದೊಯ್ದೆವು.

ಸ್ಕ್ಯಾನಿಂಗು, ರಕ್ತ ಪರೀಕ್ಷೆ, ಮೂರು ಪುಟದ ಚೀಟಿ ಬರೆಯುತ್ತಾರೆ ಅಂತ ಹೆಂಡತಿ ಎರಡು ಸಾವಿರ ಇಟ್ಟುಕೊಂಡು ಬಂದಿದ್ದಳು. ವೈದ್ಯೆ ಬರೆದದ್ದು ಒಂದೇ ಪರೀಕ್ಷೆ, ಮೂತ್ರದ್ದು. ಸಕ್ಕರೆ, ಪ್ರೋಟೀನ್, ಸೋಂಕು ಇದೆಯೋ ಇಲ್ಲವೋ ನೋಡಲು. ಉಳಿದ ಹೊತ್ತೆಲ್ಲ ಬರೀ ಪ್ರಶ್ನೆ. ಹೊರಗೆ ಪಾಳಿ ನಿಂತವರು ಬಾಗಿಲು ಬಡಿಯುವಷ್ಟು ಹೊತ್ತು ಕೇಳಿದರು. ಒಬ್ಬ ವರದಿಗಾರನಾಗಿ ನನಗೆ ಅದನ್ನು ನೋಡುತ್ತ ಕೂರುವುದೇ ಒಂದು ಪಾಠವಾಗಿತ್ತು. ಯಾಕೆಂದರೆ ಒಂದು ಪ್ರಶ್ನೆಯೂ ಸುಮ್ಮನೆ ಬರುತ್ತಿರಲಿಲ್ಲ, ಪ್ರತಿಯೊಂದೂ ಏನನ್ನೋ ಬದಿಗೆ ಸರಿಸುತ್ತಿತ್ತು.

ಎಂದಾದರೂ ಸತತ ಆರು ತಿಂಗಳು ಒಣ ಇದ್ದನೇ? ಇಲ್ಲ. ಹಾಗಾದರೆ ಇದು ಮೊದಲಿನಿಂದ ಬಂದದ್ದು. ಆರು ತಿಂಗಳು ಒಣಗಿದ್ದು ಮತ್ತೆ ಶುರುವಾಗಿದ್ದರೆ ಅದರ ಹಿಂದೆ ಸಕ್ಕರೆ ಕಾಯಿಲೆಯೋ, ಸೋಂಕೋ, ಮನೆಯಲ್ಲಿ ಸಾವು ಜಗಳವೋ, ಯಾರಾದರೂ ಮಗುವಿಗೆ ಕೆಟ್ಟದ್ದು ಮಾಡುತ್ತಿದ್ದಾರೋ ಅಂತ ಹುಡುಕಬೇಕಂತೆ. ಹಗಲೂ ಚಡ್ಡಿ ಒದ್ದೆ ಆಗುತ್ತದೆಯೇ? ಕೆಲವೊಮ್ಮೆ ಒಂದೆರಡು ಹನಿ. ಉಚ್ಚೆ ಬಂದಾಗ ತಡೆಯಲಾಗದೆ ಓಡುತ್ತಾನೆಯೇ? ಕಾಲು ಹೆಣೆದುಕೊಂಡು ನಿಲ್ಲುತ್ತಾನೆಯೇ, ಹಿಮ್ಮಡಿ ಒತ್ತಿಕೊಂಡು ಕುಕ್ಕರುಗಾಲಲ್ಲಿ ಕೂರುತ್ತಾನೆಯೇ? ಇದನ್ನು ಕೇಳಿ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಟಿವಿ ಮುಂದೆ ಅವನು ಹಾಗೆಯೇ ಕೂರುತ್ತಾನೆ. ಅದು ಅವನ ಶೈಲಿ ಅಂತ ಫೋಟೋ ಕೂಡ ತೆಗೆದಿದ್ದೇವೆ. ಧಾರೆ ಜೋರಾಗಿ ಬೀಳುತ್ತದೆಯೇ, ಹನಿ ಹನಿಯೇ, ತಿಣುಕಬೇಕೇ? ರಾತ್ರಿ ಗೊರಕೆ ಹೊಡೆಯುತ್ತಾನೆಯೇ? (ಗಂಟಲಿನ ಟಾನ್ಸಿಲ್, ಮೂಗಿನ ಹಿಂದಿನ ಅಡಿನಾಯ್ಡ್ ಊದಿ ಉಸಿರು ಕಟ್ಟುವ ಮಕ್ಕಳಲ್ಲೂ ಹಾಸಿಗೆ ಒದ್ದೆಯಾಗುತ್ತದೆ ಅನ್ನುವುದು ನನಗೆ ಅವತ್ತೇ ತಿಳಿದದ್ದು.) ತಂದೆ ತಾಯಿಗೆ ಇತ್ತೇ?

ಹೆಂಡತಿ ನನ್ನ ಕಡೆ ನೋಡಿದಳು. ಮದುವೆಯಾಗಿ ಹತ್ತು ವರ್ಷವಾದರೂ ನಾನು ಹೇಳಿರಲಿಲ್ಲ. ಹೇಳಿದೆ.

ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 44, ಇಬ್ಬರಿಗೂ ಇದ್ದರೆ 77ರಷ್ಟು ಅಂತ ವೈದ್ಯೆ ಹೇಳಿದರು. ಅಂದರೆ ಅಕ್ಕನಿಗೆ ನಾನು ಹೇಳಿದ ‘ಮನಿತನದ್ದು’ ಅನ್ನುವ ಮಾತೇ ಸುಳ್ಳಲ್ಲ. ನಿಜವಾದ ಮಾತನ್ನು ತಪ್ಪು ಮಗುವಿಗೆ ಹೇಳಿದ್ದೆ. ಇನ್ನೊಂದು ಸಂಗತಿ ಅವರು ಹೇಳಿದ್ದು ನನ್ನ ಅಜ್ಜಿಯ ಐದು ಕಾಯಿಯ ಲೆಕ್ಕ ಬಿಡಿಸಿತು. ಐದು ವರ್ಷ ದಾಟಿಯೂ ಹಾಸಿಗೆ ಒದ್ದೆ ಮಾಡುವ ಮಕ್ಕಳಲ್ಲಿ ಪ್ರತಿ ವರ್ಷ 100ಕ್ಕೆ ಸುಮಾರು 15 ಮಕ್ಕಳು ಏನೂ ಮಾಡದೆಯೇ ಸರಿಹೋಗುತ್ತಾರೆ. ಆ ವರ್ಷ ತಾಯತ ಕಟ್ಟಿದ್ದರೆ ತಾಯತಕ್ಕೆ, ಬರೆ ಹಾಕಿದ್ದರೆ ಬರೆಗೆ ಕೀರ್ತಿ. ಏಳು ವರ್ಷದ ಮಕ್ಕಳಲ್ಲಿ ಹತ್ತಕ್ಕೆ ಒಬ್ಬರು ಹೀಗಿರುತ್ತಾರಂತೆ. ಮೂವತ್ತು ಮಕ್ಕಳ ತರಗತಿಯಲ್ಲಿ ಮೂವರು. ನನ್ನ ಹಾಸ್ಟೆಲ್ಲಿನಲ್ಲಿ ನಾನೂ ಇನ್ನೊಬ್ಬನೂ ಮಾತ್ರ ಅಂತ ತಿಳಿದಿದ್ದೆ. ಬೆಳಗಿನ ಜಾವ ಎದ್ದು ಕೌದಿ ಮಡಚಿ ಅಡಗಿಸಿಡುತ್ತಿದ್ದವರು ಬೇರೆ ಯಾರ್ಯಾರೋ.

ಆಮೇಲೆ ಮೈ ಪರೀಕ್ಷೆ. ಅಂಗಿ ಎತ್ತಿಸಿ ಸೊಂಟದ ಕೆಳಗೆ ಬೆನ್ನುಮೂಳೆ ಮುಗಿಯುವ ಜಾಗ ನೋಡಿದರು. ಅಲ್ಲಿ ಗುಳಿಯೋ, ಕೂದಲಿನ ಜುಟ್ಟೋ ಇದ್ದರೆ ಒಳಗೆ ಬೆನ್ನುಹುರಿಯಲ್ಲಿ ದೋಷ ಇರಬಹುದಂತೆ, ಮೂತ್ರಕೋಶದ ನರಗಳು ಹೊರಡುವುದು ಅಲ್ಲಿಂದಲೇ. ಇರಲಿಲ್ಲ. ಹಿಮ್ಮಡಿಯ ಮೇಲೆ, ತುದಿಗಾಲ ಮೇಲೆ ನಡೆಸಿದರು. ಬಿಪಿ ನೋಡಿದರು. ಹೊಟ್ಟೆಯ ಎಡಭಾಗ ಒತ್ತಿ ನೋಡುತ್ತ ‘ಸಂಡಾಸಕ್ಕ ಹೆಂಗ ಹೋಗ್ತಾನ?’ ಅಂದರು. ‘ದಿನಾ ಹೋಗ್ತಾನ್ರಿ’ ಅಂದಳು ಹೆಂಡತಿ. ‘ಹೋಗೋದು ಕೇಳಲಿಲ್ಲ, ಹೆಂಗ ಆಗತೈತಿ?’ ಮಗ ತಾನೇ ಹೇಳಿದ, ‘ಆಡಿನ ಹಿಕ್ಕಿ ಇದ್ದಂಗ.’ ವೈದ್ಯೆ ನಕ್ಕರು. ಮಲಬದ್ಧತೆ. ಮಲ ಗಟ್ಟಿಯಾಗಿ ಕರುಳಿನ ಕೊನೆಯಲ್ಲಿ ಕೂತರೆ ಮುಂದೆ ಇರುವ ಮೂತ್ರಕೋಶವನ್ನು ಒತ್ತುತ್ತದೆ, ಅದು ಪೂರ್ತಿ ತುಂಬಲಾರದು, ಸಿಕ್ಕಾಪಟ್ಟೆ ಕುಗ್ಗುತ್ತದೆ. ಹಾಸಿಗೆ ಒದ್ದೆಯಾಗುವುದಕ್ಕೂ ಸಂಡಾಸಕ್ಕೂ ಸಂಬಂಧವಿದೆ ಅಂತ ನನಗಂತೂ ಹೊಳೆದಿರಲಿಲ್ಲ.

ಔಷಧಿ ಕೊಡುವ ಮೊದಲು ಒಂದು ಲೆಕ್ಕ ಬರೆದು ತರಲು ಹೇಳಿದರು. ಶನಿವಾರ ಭಾನುವಾರ ಎರಡು ದಿನ ಅವನು ಎಷ್ಟು ಗಂಟೆಗೆ ಎಷ್ಟು ನೀರು ಕುಡಿದ, ಎಷ್ಟು ಗಂಟೆಗೆ ಎಷ್ಟು ಉಚ್ಚೆ ಮಾಡಿದ, ಅಳೆದು ಬರೆಯಬೇಕು. ಏಳು ರಾತ್ರಿ ಹಾಸಿಗೆ ಒದ್ದೆಯೋ ಒಣವೋ ಬರೆಯಬೇಕು. ಆ ರಾತ್ರಿಗಳಲ್ಲಿ ಡೈಪರ್ ಹಾಕಿ ಬೆಳಿಗ್ಗೆ ತೂಕ ಮಾಡಬೇಕು. ಒಣ ಡೈಪರಿನ ತೂಕ ಕಳೆದು ಉಳಿದ ಗ್ರಾಮನ್ನು ಮಿಲಿಲೀಟರ್ ಅಂತ ಹಿಡಿದು, ಬೆಳಗಿನ ಮೊದಲ ಉಚ್ಚೆಯನ್ನು ಅದಕ್ಕೆ ಕೂಡಿಸಿದರೆ ರಾತ್ರಿ ತಯಾರಾದ ಮೂತ್ರ ಎಷ್ಟು ಅಂತ ಸಿಗುತ್ತದೆ. ಏಳು ವರ್ಷದವನಿಗೆ ಡೈಪರ್ ಅಂದರೆ ಅವಮಾನ. ‘ಇದು ಪ್ರಯೋಗ, ನೀನ ವಿಜ್ಞಾನಿ’ ಅಂತ ವೈದ್ಯೆಯೇ ಅವನನ್ನು ಒಪ್ಪಿಸಿದರು. ತೂಕಕ್ಕೆ ನಾನು ಬ್ಯಾಡಗಿಯ ಗೆಳೆಯನ ಕೊಕ್ಕೆ ತಕ್ಕಡಿ ತಂದೆ. ಅವನು ಅದರಲ್ಲಿ ಮೆಣಸಿನಕಾಯಿ ಸ್ಯಾಂಪಲ್ ತೂಗುತ್ತಾನೆ. ಯಾಕೆ ಬೇಕು ಅಂತ ಕೇಳಿದ, ಹೇಳಲಿಲ್ಲ. ಇದನ್ನು ಓದಿ ತಿಳಿದುಕೊಳ್ಳುತ್ತಾನೆ. ತೊಳೆದು ಕೊಟ್ಟಿದ್ದೇನೆ ಮಾರಾಯ.

ವಯಸ್ಸಿಗೆ ಒಂದು ಕೂಡಿಸಿ ಮೂವತ್ತರಿಂದ ಗುಣಿಸಿದರೆ ಆ ಮಗುವಿನ ಮೂತ್ರಕೋಶ ಎಷ್ಟು ಮಿ.ಲೀ. ಹಿಡಿಯಬೇಕು ಅನ್ನುವ ಅಂದಾಜು ಬರುತ್ತದೆ. ಏಳು ವರ್ಷಕ್ಕೆ 240. ನಮ್ಮವನು ಎರಡು ದಿನದಲ್ಲಿ ಒಮ್ಮೆಗೆ ಮಾಡಿದ್ದರಲ್ಲಿ ಹೆಚ್ಚೆಂದರೆ 130. ಇರಬೇಕಾದ್ದರ ನೂರಕ್ಕೆ 65ಕ್ಕಿಂತ ಕಡಿಮೆ ಇದ್ದರೆ ಸಣ್ಣ ಕೋಶ ಅಂತ ಲೆಕ್ಕ, ಇವನದು 54. ರಾತ್ರಿಯ ಮೂತ್ರ 280ರ ಆಸುಪಾಸು. ಅದು 240ರ 130 ಪ್ರತಿಶತ, ಅಂದರೆ 312 ದಾಟಿದ್ದರೆ ರಾತ್ರಿ ಮೂತ್ರ ಹೆಚ್ಚು ತಯಾರಾಗುತ್ತಿದೆ ಅಂತ. ರಾತ್ರಿ ಮೂತ್ರವನ್ನು ಕಡಿಮೆ ಮಾಡುವ ಹಾರ್ಮೋನು ಕೆಲವು ಮಕ್ಕಳಲ್ಲಿ ಸಾಕಷ್ಟು ಏರುವುದಿಲ್ಲವಂತೆ. ಇವನದು ಆ ಜಾತಿಯಲ್ಲ. ತಯಾರಾಗುವುದು ಸರಿಯಾಗಿಯೇ ಇದೆ, ಹಿಡಿದಿಡುವ ಜಾಗ ಸಾಲದು. ಅದರ ಮೇಲೆ ಕೋಶ ತುಂಬಿದ ಸುದ್ದಿ ನಿದ್ದೆಯಲ್ಲಿರುವವನಿಗೆ ಮುಟ್ಟುವುದಿಲ್ಲ. ಎಬ್ಬಿಸಲು ಬಂದ ಹೆಂಡತಿ ಅವನನ್ನು ಎತ್ತಿ ನಿಲ್ಲಿಸಿದರೂ ಕಣ್ಣು ಬಿಡುವವನಲ್ಲ. ಸೋಮಾರಿತನ ಅನ್ನುವ ಕಾಲಂ ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ.

ಇನ್ನೊಂದನ್ನು ಆ ಹಾಳೆಯೇ ಹೇಳಿತು. ಎರಡು ದಿನ ಬರೆದ ಮೇಲೆ ಕುತೂಹಲಕ್ಕೆ ಸೋಮವಾರವೂ ಬರೆದೆವು. ಬೆಳಿಗ್ಗೆ ಏಳೂವರೆಗೆ ಉಚ್ಚೆ, ಆಮೇಲೆ ಸಂಜೆ ನಾಲ್ಕೂ ಮುಕ್ಕಾಲು. ನಡುವೆ ಏನೂ ಇಲ್ಲ. ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೆ ಮನೆಗೆ ಬಂದಿತ್ತು. ಸಂಜೆ ಐದರಿಂದ ಮಲಗುವ ತನಕ ಗಟಗಟ. ಯಾಕೋ ಅಂದರೆ ಸುಮಾರು ಹೊತ್ತು ಹೇಳಲಿಲ್ಲ. ಶಾಲೆಯ ಶೌಚಾಲಯದೊಳಗೆ ಹೋದರೆ ದೊಡ್ಡ ಹುಡುಗರು ಹೊರಗಿನಿಂದ ಚಿಲಕ ಹಾಕುತ್ತಾರೆ. ಎರಡನೇ ಬಾರಿ ಆದ ಮೇಲೆ ಅವನು ಹೋಗುವುದನ್ನೇ ಬಿಟ್ಟಿದ್ದಾನೆ. ಹೋಗಬಾರದೆಂದು ನೀರು ಕುಡಿಯುವುದನ್ನೂ ಬಿಟ್ಟಿದ್ದಾನೆ. ನೀರಿಲ್ಲದೆ ಮಲ ಗಟ್ಟಿ, ಮಲ ಗಟ್ಟಿಯಾಗಿ ಕೋಶ ಸಣ್ಣದು, ಸಂಜೆ ಕುಡಿದದ್ದೆಲ್ಲ ರಾತ್ರಿಗೆ.

ಶಾಲಾ ಶೌಚಾಲಯದ ಬಗ್ಗೆ ನಾನು ವರ್ಷಕ್ಕೆ ಎರಡು ಸುದ್ದಿಯಾದರೂ ಬರೆಯುತ್ತೇನೆ. ಎಷ್ಟು ಶಾಲೆಯಲ್ಲಿ ಇದೆ, ಎಷ್ಟರಲ್ಲಿ ನೀರಿಲ್ಲ, ಎಷ್ಟಕ್ಕೆ ಬೀಗ. ಚಿಲಕ ಯಾವ ಕಡೆಗಿದೆ ಅಂತ ಒಂದು ಸಲವೂ ನೋಡಿರಲಿಲ್ಲ. ಹೆಣ್ಣುಮಕ್ಕಳು ಹೀಗೆ ದಿನವಿಡೀ ತಡೆದುಕೊಂಡು ಕೂರುತ್ತಾರೆ ಅನ್ನುವುದು ಗೊತ್ತಿತ್ತು, ಬರೆದೂ ಇದ್ದೆ. ಅದು ಅವರ ರಾತ್ರಿಯ ಹಾಸಿಗೆಯವರೆಗೆ ಹೋಗುತ್ತದೆ ಅಂತ ಬರೆದಿರಲಿಲ್ಲ. ಮರುದಿನ ಶಾಲೆಗೆ ಹೋಗಿ ಹೊರಗಿನ ಚಿಲಕ ತೆಗೆಸಿದೆ. ಸ್ಕ್ರೂ ಡ್ರೈವರ್ ನನ್ನದೇ. ಹತ್ತು ನಿಮಿಷದ ಕೆಲಸ.

ಮಗನಿಗೆ ಈಗ ಮಲ ಮೆತ್ತಗಾಗುವ ಔಷಧಿ, ಶಾಲೆಯಲ್ಲಿ ಎರಡು ಬಿಡುವಿನಲ್ಲೂ ತಪ್ಪದೆ ಶೌಚಾಲಯ, ಮಧ್ಯಾಹ್ನದೊಳಗೆ ಹೆಚ್ಚು ನೀರು. ಮೂರು ತಿಂಗಳಾದ ಮೇಲೂ ವಾರಕ್ಕೆ ಒಂದೆರಡು ದಿನ ಒದ್ದೆ. ಮೊದಲು ನಾಲ್ಕೈದು ಇತ್ತು. ಸಾಲದಿದ್ದರೆ ಹನಿ ಬಿದ್ದ ಕೂಡಲೇ ಕಿರುಚುವ ಅಲಾರಂ ಇದೆ, ಎರಡು ಮೂರು ತಿಂಗಳು ಹಾಕಿ ಮೆದುಳಿಗೆ ಕಲಿಸಬೇಕು ಅಂದಿದ್ದಾರೆ. ಮಾತ್ರೆಯೂ ಇದೆ, ಅದನ್ನು ನಮ್ಮಷ್ಟಕ್ಕೆ ತರುವ ಹಾಗಿಲ್ಲ. ನುಂಗಿದ ರಾತ್ರಿ ನೀರು ಹೆಚ್ಚು ಕುಡಿದರೆ ರಕ್ತದ ಉಪ್ಪಿನಂಶ ಇಳಿದು ಅಪಾಯವಾಗುತ್ತದಂತೆ.

ಕೊನೆಯ ಭೇಟಿಯಲ್ಲಿ ನಾನು ವೈದ್ಯೆಗೆ ಹಾಸ್ಟೆಲ್ಲಿನ ಇನ್ನೊಬ್ಬನ ಬಗ್ಗೆ ಕೇಳಿದೆ. ಕೌದಿ ಹೊತ್ತು ಕಟ್ಟೆ ಸುತ್ತುವಾಗ ಅವನು ನನ್ನ ಹಿಂದೆ ಇರುತ್ತಿದ್ದ. ನನಗೆ ರಾತ್ರಿ ಮಾತ್ರ, ಅವನಿಗೆ ಹಗಲೂ ಇತ್ತು. ಚಡ್ಡಿ ಯಾವಾಗಲೂ ತುಸು ಒದ್ದೆ. ಉಚ್ಚೆಗೆ ನಿಂತರೆ ನಾವೆಲ್ಲ ಮುಗಿಸಿ ಹೋದರೂ ಅವನು ತಿಣುಕುತ್ತ ನಿಂತಿರುತ್ತಿದ್ದ, ಹನಿ ಹನಿ. ಅದನ್ನು ಅಣಕಿಸುವ ಒಂದು ಆಟವೇ ನಮ್ಮಲ್ಲಿತ್ತು, ನಾನೂ ಆಡಿದ್ದೇನೆ. ಅವನನ್ನು ಅಣಕಿಸುವಷ್ಟು ಹೊತ್ತು ನನ್ನನ್ನು ಯಾರೂ ಅಣಕಿಸುತ್ತಿರಲಿಲ್ಲ.

ವೈದ್ಯೆ ಪೆನ್ನು ಕೆಳಗಿಟ್ಟರು. ಗಂಡುಹುಡುಗರಲ್ಲಿ ಮೂತ್ರನಾಳದೊಳಗೆ ಹುಟ್ಟಿನಿಂದಲೇ ಪೊರೆಯಂಥ ತಡೆ ಇದ್ದರೆ ಹೀಗಾಗಬಹುದು, ನರದ ತೊಂದರೆ ಇದ್ದರೂ ಆಗಬಹುದು, ಬೇರೆ ಏನೂ ಇರಬಹುದು, ನೋಡದೆ ಹೇಳಲಾಗದು ಅಂದರು. ತಡೆ ಇದ್ದು ಹಾಗೇ ಬಿಟ್ಟರೆ ಮೂತ್ರ ಹಿಂದಕ್ಕೆ ಒತ್ತಿ ಕಿಡ್ನಿ ಕೆಡುತ್ತದೆ. ಸ್ಕ್ಯಾನ್ ಬೇಕಿದ್ದದ್ದು ಅಂಥವರಿಗೆ.

ನಮ್ಮಿಬ್ಬರಿಗೂ ಒಂದೇ ಶಿಕ್ಷೆ, ಒಂದೇ ಕಟ್ಟೆ. ಏಳನೇ ತರಗತಿಯ ನಡುವೆ ಅವನ ಅಪ್ಪ ಬಂದು ಟ್ರಂಕು ಸಮೇತ ಕರೆದುಕೊಂಡು ಹೋದ. ಮೈಯಲ್ಲಿ ಆರಾಮಿಲ್ಲ ಅಂತ ಹೇಳಿದ್ದರು. ಆಮೇಲೆ ಯಾರೂ ಕೇಳಲಿಲ್ಲ.

ಅವನ ಊರು ಹಿರೇಕೆರೂರು ಕಡೆ. ಅಲ್ಲಿನ ಸ್ಟ್ರಿಂಗರ್ ನಮ್ಮ ಬ್ಯಾಚಿನವನೇ. ಹೋದ ವಾರ ಹೆಸರು, ಅಪ್ಪನ ಹೆಸರು, ಓದಿದ ವರ್ಷ ಎಲ್ಲ ಕಳಿಸಿ ವಿಚಾರಿಸಲು ಹೇಳಿದ್ದೇನೆ. ಮೆಸೇಜು ನೋಡಿದ್ದಾನೆ, ಇನ್ನೂ ಏನೂ ಹೇಳಿಲ್ಲ.